ಓದಿದರೆ ಅರ್ಥವಾಗುತ್ತದೆ, ಬರೆಯಲು ಕುಳಿತರೆ ಬರುವುದಿಲ್ಲ: ಇಂಗ್ಲಿಷ್‌ನ ಈ ನಡುಹಂತವನ್ನು ದಾಟುವುದು ಹೇಗೆ?

ಮೂರನೇ ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಶಾಲೆಯಲ್ಲಿ ಕಲಿತದ್ದೆಲ್ಲ ಕನ್ನಡದಲ್ಲಿ; ಇಂಗ್ಲಿಷ್ ಒಂದು ವಿಷಯವಾಗಿ ಮಾತ್ರ ಇತ್ತು. ಮೊದಲ ವರ್ಷ ನನ್ನ ಇಂಗ್ಲಿಷ್ ನನಗೇ ಗೊತ್ತಾಗುವಷ್ಟು ಸುಧಾರಿಸಿತು, ಆಮೇಲೆ ನಿಂತ ನೀರಾಗಿದೆ. ಪಠ್ಯಪುಸ್ತಕ ಓದಿದರೆ ಅರ್ಥವಾಗುತ್ತದೆ, ಬಿಟ್ಟ ಸ್ಥಳ ತುಂಬುವ ವ್ಯಾಕರಣ ಪರೀಕ್ಷೆಯಲ್ಲಿ 20ಕ್ಕೆ 18 ಅಂಕ ಬರುತ್ತದೆ. ಆದರೆ ಪ್ರಯೋಗದ ವರದಿ ಬರೆಯಲು ಕುಳಿತರೆ ಒಂದು ಪ್ಯಾರಾಕ್ಕೆ ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ತಿಣುಕಿ ಬರೆದದ್ದೂ ಕೆಂಪು ಗೆರೆಗಳನ್ನು ಹೊತ್ತು ಮರಳಿ ಬರುತ್ತದೆ. ಸೆಮಿನಾರಿನಲ್ಲಂತೂ ನಾನು ಮನಸ್ಸಿನಲ್ಲಿ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಚರ್ಚೆ ಎರಡು ವಿಷಯ ದಾಟಿ ಹೋಗಿರುತ್ತದೆ.

ಉದಾಹರಣೆಗೆ, ಕಳೆದ ವಾರದ ವರದಿಯಲ್ಲಿ ನಾನು ಬರೆದ ವಾಕ್ಯ ಇದು: "ದಿ ಪ್ಲಾಂಟ್ಸ್ ವಿಚ್ ವಿ ಕೆಪ್ಟ್ ಇನ್ ರೆಡ್ ಲೈಟ್ ಸಿನ್ಸ್ ಟೂ ವೀಕ್ಸ್, ದೇರ್ ಗ್ರೋತ್ ವಾಸ್ ಹ್ಯಾಪನ್ಡ್ ವೆರಿ ಫಾಸ್ಟ್." ಪಕ್ಕದಲ್ಲಿ ಅಧ್ಯಾಪಕರು "ಆಕ್ವರ್ಡ್" ಎಂಬ ಒಂದೇ ಪದ ಬರೆದು ಬಿಟ್ಟಿದ್ದಾರೆ. ಸರಿಯಿಲ್ಲ ಎಂದು ನನಗೂ ಗೊತ್ತು. ಏನು ಸರಿಯಿಲ್ಲ, ಏಕೆ ಸರಿಯಿಲ್ಲ ಎಂಬುದು ಗೊತ್ತಿಲ್ಲ. ನನ್ನ ಕೊರತೆ ಇರುವುದು ವ್ಯಾಕರಣದಲ್ಲೋ, ಪದಸಂಪತ್ತಿನಲ್ಲೋ, ಅಥವಾ ಇವೆರಡೂ ಅಲ್ಲದ ಬೇರೆ ಯಾವುದರಲ್ಲೋ?

ಪದಪೆಟ್ಟಿಗೆ

ಪದಸಂಪತ್ತು, ಸಂದೇಹವೇ ಬೇಡ. ದಿನಕ್ಕೆ ಹತ್ತು ಹೊಸ ಪದ ಕಲಿಯಿರಿ, ವರ್ಷಕ್ಕೆ 3,650 ಆಗುತ್ತದೆ.

ಹಿಂದಿನ ಬೆಂಚು

ಕಲಿತದ್ದರಲ್ಲಿ ಎಷ್ಟು ಮರೆಯುತ್ತೇವೆ ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆಯಬೇಕಿತ್ತು. ನಾನು ಹೀಗೆ ಎರಡು ನೋಟ್‌ಬುಕ್ ತುಂಬಿಸಿದ್ದೇನೆ. ಈಗ ತೆರೆದು ನೋಡಿದರೆ ಅಕ್ಷರ ನನ್ನದೇ, ಪದಗಳು ಮಾತ್ರ ಬೇರೆ ಯಾರದೋ ಎನ್ನಿಸುತ್ತದೆ.

ಕೆಂಪು ಶಾಯಿ

ನಾನು ಹಲವು ವರ್ಷಗಳಿಂದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ; "ಆಕ್ವರ್ಡ್" ಎಂದು ಅಂಚಿನಲ್ಲಿ ಬರೆದ ಪಾಪ ನನ್ನ ತಲೆಯ ಮೇಲೂ ಇದೆ. ನೂರು ವರದಿಗಳ ಕಟ್ಟು ಮುಂದಿದ್ದಾಗ ವಿವರಿಸಲು ಪುರುಸೊತ್ತಿಲ್ಲದ ಕಡೆ ಬರೆಯುವ ಪದ ಅದು. ನಿಮ್ಮ ವಾಕ್ಯವನ್ನು ಇಲ್ಲಿಯೇ ಬಿಚ್ಚಿ ನೋಡೋಣ.

ಮೊದಲನೆಯದು, "ಸಿನ್ಸ್ ಟೂ ವೀಕ್ಸ್". ಕನ್ನಡದಲ್ಲಿ "ಸೋಮವಾರದಿಂದ" ಎನ್ನುತ್ತೇವೆ, "ಎರಡು ವಾರದಿಂದ" ಎಂದೂ ಎನ್ನುತ್ತೇವೆ. ಎರಡಕ್ಕೂ ಪ್ರತ್ಯಯ ಒಂದೇ. ಇಂಗ್ಲಿಷ್ ಆರಂಭದ ಬಿಂದುವಿಗೆ "ಸಿನ್ಸ್", ಕಾಲದ ಉದ್ದಕ್ಕೆ "ಫಾರ್" ಎಂದು ಬೇರೆ ಮಾಡುತ್ತದೆ. ಎರಡನೆಯದು, ಗಿಡಗಳನ್ನು ಒಮ್ಮೆ ಹೆಸರಿಸಿ ಅಲ್ಪವಿರಾಮ ಹಾಕಿ ಮತ್ತೆ "ದೇರ್" ಎಂದು ಹಿಡಿದುಕೊಂಡಿದ್ದೀರಿ. "ನಾವು ಕೆಂಪು ಬೆಳಕಿನಲ್ಲಿಟ್ಟಿದ್ದ ಗಿಡಗಳು ಇವೆಯಲ್ಲ, ಅವುಗಳ ಬೆಳವಣಿಗೆ" ಎಂಬ ನಮ್ಮ ಮಾತಿನ ಧಾಟಿ ಅದು. ಇಂಗ್ಲಿಷ್ ಬರವಣಿಗೆ ಒಮ್ಮೆ ಕರ್ತೃವನ್ನು ಹೇಳಿದ ಮೇಲೆ ಕ್ರಿಯಾಪದಕ್ಕಾಗಿ ಕಾಯುತ್ತದೆ, ಇನ್ನೊಂದು ಕರ್ತೃವನ್ನು ಒಪ್ಪುವುದಿಲ್ಲ. ಮೂರನೆಯದು, "ಹ್ಯಾಪನ್" ಅಕರ್ಮಕ ಕ್ರಿಯಾಪದವಾದ್ದರಿಂದ ಅದಕ್ಕೆ ಕರ್ಮಣಿ ಪ್ರಯೋಗವಿಲ್ಲ. "ವಾಸ್ ಹ್ಯಾಪನ್ಡ್" ಎಂಬುದು ಎಂದಿಗೂ ಸಾಧ್ಯವಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನಾಲ್ಕನೆಯದು. "ಬೆಳವಣಿಗೆ ಆಯಿತು" ಎಂಬುದನ್ನು ನೀವು "ಗ್ರೋತ್" ಮತ್ತು "ಹ್ಯಾಪನ್" ಎಂದು ಎರಡು ಚೂರು ಮಾಡಿ ಸಾಗಿಸಿದ್ದೀರಿ, "ಗ್ರ್ಯೂ" ಎಂಬ ಒಂದೇ ಕ್ರಿಯಾಪದ ಆ ಕೆಲಸವನ್ನು ಪೂರ್ತಿಯಾಗಿ ಮಾಡುತ್ತಿತ್ತು.

ಇಷ್ಟೂ ನಿಯಮಗಳನ್ನು ಬಿಟ್ಟ ಸ್ಥಳ ತುಂಬುವಾಗ ನೀವು ಸರಿಯಾಗಿಯೇ ತುಂಬಿರುತ್ತೀರಿ ಎಂದು ನಾನು ಪಣ ಕಟ್ಟಬಲ್ಲೆ.

ಮೂರನೇ ಸೆಮಿಸ್ಟರ್

ತುಂಬಿದ್ದೇನೆ, ಮೇಡಂ. ಸಿನ್ಸ್ ಮತ್ತು ಫಾರ್ ಬಗ್ಗೆ ಐದು ಪ್ರಶ್ನೆಗಳಿದ್ದವು, ಐದೂ ಸರಿ. ನೀವು ಹೇಳುವವರೆಗೆ ಇದು ಅದೇ ನಿಯಮ ಎಂದು ಹೊಳೆಯಲೇ ಇಲ್ಲ.

ಅರ್ಧವಿರಾಮ

ಈ ಅಂತರಕ್ಕೆ ಒಂದು ಹಳೆಯ ಉದಾಹರಣೆಯಿದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನೆಲ್ಲ ಫ್ರೆಂಚ್‌ನಲ್ಲಿಯೇ ಹೇಳಿಕೊಡುವ ಕಾರ್ಯಕ್ರಮವಿತ್ತು. ವರ್ಷಗಟ್ಟಲೆ ಹಾಗೆ ಕಲಿತ ಮಕ್ಕಳು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಫ್ರೆಂಚ್ ಮನೆಮಾತಿನ ಮಕ್ಕಳಿಗೆ ಹತ್ತಿರವಿದ್ದರೂ ಅವರ ಮಾತು ಮತ್ತು ಬರವಣಿಗೆಯಲ್ಲಿ ವ್ಯಾಕರಣದ ತಪ್ಪುಗಳು ಉಳಿದೇ ಇದ್ದವು. ಮೆರಿಲ್ ಸ್ವೇನ್ ಎಂಬ ಭಾಷಾವಿಜ್ಞಾನಿ ಇದನ್ನು ಪರಿಶೀಲಿಸಿ, ಕೇಳುವುದು ಮತ್ತು ಓದುವುದು ಮಾತ್ರ ಸಾಲದು, ಕಲಿಯುವವರು ತಾವೇ ಭಾಷೆಯನ್ನು ಹೊರಹಾಕಬೇಕು ಎಂದು 1985ರಲ್ಲಿ ವಾದಿಸಿದರು. ಓದುವಾಗ "ಗಿಡ, ಕೆಂಪು ಬೆಳಕು, ಎರಡು ವಾರ, ಎತ್ತರ" ಎಂಬ ನಾಲ್ಕು ಪದಗಳು ಕಣ್ಣಿಗೆ ಬಿದ್ದರೆ ಸಾಕು, ಅರ್ಥ ಹೊಳೆದುಬಿಡುತ್ತದೆ. ನಡುವಿನ ಸಿನ್ಸ್, ಫಾರ್, ದಿ, ಎ ಇವುಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಬರೆಯಲು ಕುಳಿತಾಗ ಮಾತ್ರ ಅವು ಒಂದೊಂದಾಗಿ ಎದುರು ನಿಂತು ಲೆಕ್ಕ ಕೇಳುತ್ತವೆ.

ಇರುಳೋದು

ಇದನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಸ್ಟೀಫನ್ ಕ್ರಾಷೆನ್ ಎಂಬ ಇನ್ನೊಬ್ಬ ಭಾಷಾವಿಜ್ಞಾನಿಯ ವಾದ ಇದಕ್ಕೆ ತದ್ವಿರುದ್ಧವಾಗಿದೆ: ನಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿರುವ, ಆದರೂ ಅರ್ಥವಾಗುವ ಭಾಷೆಯನ್ನು ಹೇರಳವಾಗಿ ಓದುತ್ತ, ಕೇಳುತ್ತ ಹೋದರೆ ಉಳಿದದ್ದು ತಾನಾಗಿ ಬರುತ್ತದೆ. ನನಗೆ ಬಂದದ್ದು ಹಾಗೆಯೇ. ಎರಡು ವರ್ಷ ರಾತ್ರಿ ಮಲಗುವ ಮುನ್ನ ಇಪ್ಪತ್ತು ಪುಟ ಓದಿದೆ, ವ್ಯಾಕರಣದ ಪುಸ್ತಕವನ್ನು ಮುಟ್ಟಲಿಲ್ಲ.

ಅರ್ಧವಿರಾಮ

ಆ ಎರಡು ವರ್ಷ ನೀವು ಏನನ್ನೂ ಬರೆಯಲಿಲ್ಲವೇ?

ಇರುಳೋದು

ಬರೆದೆ. ವಾರಕ್ಕೊಂದು ಅಸೈನ್‌ಮೆಂಟ್ ಇತ್ತು. ಸರಿ, ನಿಮ್ಮ ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂದು ಗೊತ್ತಾಯಿತು.

ಸಂಖ್ಯೆಗಣ್ಣ

ಮೂಲ ಪ್ರಶ್ನೆ ಕೇಳಿದವರಿಗೆ ಸ್ವಲ್ಪ ಸಮಾಧಾನವಾಗಲೆಂದು ಈ ಲೆಕ್ಕ ಹೇಳುತ್ತಿದ್ದೇನೆ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ನಾವು ನಡುಹಂತ ಎನ್ನುವುದು ಬಿ1 ಮತ್ತು ಬಿ2. ಬಿ1 ಎಂದರೆ ಪರಿಚಿತ ವಿಷಯದ ಮುಖ್ಯಾಂಶಗಳು ತಿಳಿಯುತ್ತವೆ. ಬಿ2 ಎಂದರೆ ಅಮೂರ್ತ ವಿಷಯದ ಕ್ಲಿಷ್ಟ ಬರಹದ ತಿರುಳು ತಿಳಿಯುತ್ತದೆ, ತಮ್ಮ ಕ್ಷೇತ್ರದ ತಾಂತ್ರಿಕ ಚರ್ಚೆಯಲ್ಲಿ ಭಾಗವಹಿಸಬಹುದು. ಕೇಂಬ್ರಿಜ್ ಪರೀಕ್ಷೆಗಳನ್ನು ನಡೆಸುವವರ ಅಂದಾಜಿನ ಪ್ರಕಾರ ಆರಂಭದಿಂದ ಬಿ1 ತಲುಪಲು ಸುಮಾರು 350ರಿಂದ 400 ಗಂಟೆ, ಬಿ2 ತಲುಪಲು 500ರಿಂದ 600 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕು. ಅಂದರೆ ಈ ಒಂದು ಮೆಟ್ಟಿಲಿಗೇ ನೂರೈವತ್ತು, ಇನ್ನೂರು ಗಂಟೆ. ವಾರಕ್ಕೆ ನಾಲ್ಕು ಗಂಟೆ ಕೊಟ್ಟರೆ ಹತ್ತಿರಹತ್ತಿರ ಒಂದು ವರ್ಷ. ಆರು ತಿಂಗಳು ಕಳೆದರೂ ಏನೂ ಆಗಿಲ್ಲ ಎನ್ನಿಸಿದರೆ ಅದು ನಿಮ್ಮ ಸೋಲಲ್ಲ, ನೀವಿನ್ನೂ ಅರ್ಧ ದಾರಿಯಲ್ಲಿದ್ದೀರಿ.

ಕೆಂಪು ಶಾಯಿ

ಆ ಗಂಟೆಗಳನ್ನು ವೇದವಾಕ್ಯವೆಂದು ಹಿಡಿಯಬೇಡಿ. ಇಂಗ್ಲಿಷ್‌ಗೆ ಹತ್ತಿರದ ಭಾಷೆಯಿಂದ ಬಂದವರಿಗೂ, ಕ್ರಿಯಾಪದವನ್ನು ಕೊನೆಗಿಡುವ ಭಾಷೆಯಿಂದ ಬಂದವರಿಗೂ ಒಂದೇ ಹೊತ್ತು ಹಿಡಿಯುವುದಿಲ್ಲ. ಜೊತೆಗೆ ಅದು ಮಾರ್ಗದರ್ಶನವಿರುವ ಗಂಟೆಗಳ ಲೆಕ್ಕ, ನಾವು ಸ್ವಂತವಾಗಿ ಓದುವುದು ಅದರ ಮೇಲಿನದು.

ಪದಪೆಟ್ಟಿಗೆ

ನನ್ನ ಮೊದಲ ಉತ್ತರವನ್ನು ಎಲ್ಲರೂ ಹಾಸ್ಯ ಮಾಡಿಯಾಯಿತು, ಇರಲಿ. ಆದರೆ ಪದಗಳ ಲೆಕ್ಕ ಅಷ್ಟು ಹಗುರವಲ್ಲ. ಒಂದು ಬರಹದಲ್ಲಿ ನೂರಕ್ಕೆ 95 ಪದಗಳು ಗೊತ್ತಿವೆ ಎಂದರೆ ಪ್ರತಿ 20 ಪದಕ್ಕೆ ಒಂದು ಗೊತ್ತಿಲ್ಲ ಎಂದರ್ಥ. ಎರಡು ಸಾಲಿಗೊಮ್ಮೆ ಎಡವುವುದು ಅದು. 98 ಗೊತ್ತಿದ್ದರೆ 50ಕ್ಕೆ ಒಂದು. ನಿಘಂಟಿನ ನೆರವಿಲ್ಲದೆ ಕಾದಂಬರಿ, ಪತ್ರಿಕೆಗಳನ್ನು 98ರ ಮಟ್ಟದಲ್ಲಿ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಬೇಕು ಎಂದು ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ನಡುಹಂತದಲ್ಲಿರುವವರ ಬಳಿ ಅಷ್ಟಿರುವುದಿಲ್ಲ.

ಆದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಒಂದು ಅಡ್ಡದಾರಿಯಿದೆ. ಎವೆರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇರುವುದು 570 ಪದಕುಟುಂಬಗಳು ಮಾತ್ರ. ಅವರು ಪರಿಶೀಲಿಸಿದ ಶೈಕ್ಷಣಿಕ ಬರಹಗಳಲ್ಲಿ ಸುಮಾರು ಶೇಕಡಾ 10ರಷ್ಟು ಪದಗಳು ಈ ಪಟ್ಟಿಯವೇ ಆಗಿದ್ದವು. ಅಸ್ಯೂಮ್, ಡಿರೈವ್, ಇಂಡಿಕೇಟ್, ಇಂಟರ್‌ಪ್ರೆಟ್, ವೇರಿ, ಸಿಗ್ನಿಫಿಕೆಂಟ್: ಹೀಗೆ ಯಾವ ವಿಭಾಗದವರಾದರೂ ಕಾಣುವ ಪದಗಳು. ಸಸ್ಯಶಾಸ್ತ್ರದ "ಕ್ಲೋರೊಫಿಲ್" ನಿಮಗೆ ಪಾಠದಲ್ಲೇ ಬಂದುಬಿಡುತ್ತದೆ. ಯಾರೂ ಕಲಿಸದೆ ಬಿಡುವುದು ಈ 570ನ್ನು.

ಸಂಖ್ಯೆಗಣ್ಣ

"ಸಿಗ್ನಿಫಿಕೆಂಟ್" ಬಳಸುವಾಗ ಎಚ್ಚರ. ಪ್ರಯೋಗದ ವರದಿಯಲ್ಲಿ ಆ ಪದ ಬಂದರೆ ಓದುಗರು ಸಂಖ್ಯಾಶಾಸ್ತ್ರದ ಪರೀಕ್ಷೆ ಎಲ್ಲಿ ಎಂದು ಕೇಳುತ್ತಾರೆ. "ದೊಡ್ಡದು" ಎನ್ನುವ ಅರ್ಥ ಮಾತ್ರ ಬೇಕಿದ್ದರೆ ಬೇರೆ ಪದ ಹುಡುಕಿ.

ಅರ್ಧವಿರಾಮ

ಪದಪೆಟ್ಟಿಗೆಯವರ ಪಟ್ಟಿ ಒಳ್ಳೆಯದೇ, ಆದರೆ ಪದಗಳನ್ನು ಒಂಟಿಯಾಗಿ ಕಲಿಯುವುದರಲ್ಲಿಯೇ ಈ ಹಂತದ ನಿಜವಾದ ತೊಡಕು ಇದೆ ಎಂದು ನನಗನ್ನಿಸುತ್ತದೆ. ನಾನು ಅನುವಾದದ ಕೆಲಸ ಮಾಡುವವಳು. ಇದೇ ನನ್ನ ದಿನದ ತಲೆನೋವು. ಕನ್ನಡದ "ಮಾಡು" ಎಂಬ ಧಾತು ಎಷ್ಟು ಉದಾರಿ ನೋಡಿ: ತಪ್ಪು ಮಾಡುತ್ತೇವೆ, ಸಂಶೋಧನೆ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಪ್ರಯತ್ನ ಮಾಡುತ್ತೇವೆ, ಗಲಾಟೆ ಮಾಡುತ್ತೇವೆ. ಇಂಗ್ಲಿಷ್‌ನಲ್ಲಿ ತಪ್ಪಿಗೆ "ಮೇಕ್", ಸಂಶೋಧನೆಗೆ "ಡೂ" ಅಥವಾ "ಕಂಡಕ್ಟ್", ಸ್ನಾನಕ್ಕೆ "ಟೇಕ್" ಅಥವಾ "ಹ್ಯಾವ್". ತೀರ್ಮಾನವನ್ನು "ಡ್ರಾ" ಮಾಡುತ್ತಾರೆ, ಪ್ರಶ್ನೆಯನ್ನು "ರೇಸ್" ಮಾಡುತ್ತಾರೆ, ಗಮನವನ್ನು "ಪೇ" ಮಾಡುತ್ತಾರೆ. ಇದಕ್ಕೆ ಕಾರಣ ಕೇಳಿದರೆ ಉತ್ತರವಿಲ್ಲ. ನಾವೂ ಹಲ್ಲು ಉಜ್ಜುತ್ತೇವೆ, ಪಾತ್ರೆ ಬೆಳಗುತ್ತೇವೆ, ಮುಖ ತೊಳೆಯುತ್ತೇವೆ. ಯಾರಾದರೂ ಹೊಸದಾಗಿ ಕನ್ನಡ ಕಲಿತವರು "ಹಲ್ಲು ಬೆಳಗಿದೆ" ಎಂದರೆ ಅರ್ಥವಾಗುತ್ತದೆ, ಆದರೂ ನಗು ಬರುತ್ತದೆ. ನಮ್ಮ ಇಂಗ್ಲಿಷ್ ಓದುವವರಿಗೂ ಅದೇ ಆಗುತ್ತಿರುತ್ತದೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ "ಕನ್‌ಕ್ಲೂಷನ್ = ತೀರ್ಮಾನ" ಎಂದು ಬರೆಯುವುದನ್ನು ನಾನು ಬಿಟ್ಟೆ. "ಡ್ರಾ ಎ ಕನ್‌ಕ್ಲೂಷನ್ ಫ್ರಮ್ ದಿ ಡೇಟಾ" ಎಂದು, ಪದದ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಬರೆಯುತ್ತೇನೆ. ದಿನಕ್ಕೆ ಹತ್ತಲ್ಲ, ಮೂರು. ಆ ಮೂರೂ ಅಂದು ನಾನೇ ಓದಿದ ಪುಟದಿಂದ ಬಂದಿರಬೇಕು.

ಹಿಂದಿನ ಬೆಂಚು

ಹಾಗೆ ಬರೆದ ಮೇಲೂ ಮರೆತರೆ?

ಅರ್ಧವಿರಾಮ

ಮರೆತೇ ಮರೆಯುತ್ತೀರಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ದಿನವೇ ಅತಿ ವೇಗವಾಗಿರುತ್ತದೆ ಎಂದು 1885ರಲ್ಲೇ ತೋರಿಸಿದ್ದಾನೆ. ಹಾಗಾಗಿ ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಎಂದು ಅಂತರ ಹಿಗ್ಗಿಸುತ್ತ ನೋಡಬೇಕು. ಚೀಟಿಗಳನ್ನು ಡಬ್ಬಿಗಳಲ್ಲಿ ಹಾಕುವ ಲೈಟ್ನರ್ ಪದ್ಧತಿ ಇದನ್ನೇ ಮಾಡುತ್ತದೆ, ಈಗಿನ ಆ್ಯಪ್‌ಗಳೂ ಇದನ್ನೇ ಮಾಡುತ್ತವೆ. ಚೀಟಿಯ ಒಂದು ಬದಿಯಲ್ಲಿ ಕನ್ನಡದ ಪೂರ್ತಿ ವಾಕ್ಯ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ವಾಕ್ಯ. ನೋಡುವುದು ಕನ್ನಡದ ಬದಿಯನ್ನು ಮಾತ್ರ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ, ಅದು ನಮಗೆ ಈಗಾಗಲೇ ಬರುತ್ತದೆ.

ಬರೀ ಓದುಗ

"ದಿ" ಮತ್ತು "ಎ" ಬಗ್ಗೆ ಯಾರಾದರೂ ಹೇಳಿ. ನಾನು ವಾಕ್ಯವನ್ನೆಲ್ಲ ಬರೆದು ಮುಗಿಸಿ, ಕೊನೆಗೆ ಉಪ್ಪು ಉದುರಿಸಿದ ಹಾಗೆ "ದಿ" ಉದುರಿಸುತ್ತೇನೆ.

ಕೆಂಪು ಶಾಯಿ

ಕನ್ನಡದಲ್ಲಿ ಆ ಪದಗಳಿಲ್ಲ ನಿಜ, ಆದರೆ ಆ ಭೇದ ನಮಗೆ ಗೊತ್ತಿಲ್ಲವೆಂದಲ್ಲ. "ಪುಸ್ತಕ ಓದಿದೆ" ಮತ್ತು "ಪುಸ್ತಕವನ್ನು ಓದಿದೆ" ಎಂಬ ಎರಡನ್ನೂ ಹೇಳಿ ನೋಡಿ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ಬರೆಯುವಾಗ "ಯಾವುದು ಎಂದು ಓದುಗನಿಗೆ ಈಗಾಗಲೇ ಗೊತ್ತಿದೆಯೇ?" ಎಂದು ಕೇಳಿಕೊಳ್ಳಿ. ಗೊತ್ತಿದ್ದರೆ "ದಿ".

ಅರ್ಧವಿರಾಮ

ಮೇಡಂ, ಆಡುಮಾತಿಗೆ ಅದು ಸರಿ. ಬರಹದ ಕನ್ನಡದಲ್ಲಿ "ಒಂದು ಪುಸ್ತಕವನ್ನು ಓದಿದೆ" ಎಂದೂ ಧಾರಾಳವಾಗಿ ಬರೆಯುತ್ತೇವೆ, ಅಲ್ಲಿ ದ್ವಿತೀಯಾ ವಿಭಕ್ತಿ ಇದ್ದೂ ಪುಸ್ತಕ ಯಾವುದೋ ಒಂದೇ. ಕರ್ತೃಪದಕ್ಕೆ ಈ ಉಪಾಯ ನಡೆಯುವುದೇ ಇಲ್ಲ.

ಕೆಂಪು ಶಾಯಿ

ಒಪ್ಪಿದೆ. ಇದನ್ನು ನಿಯಮವೆಂದು ಹಿಡಿಯದೆ ಒಂದು ಕೈಮರವೆಂದು ಇಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ: ಇನ್‌ಫರ್ಮೇಷನ್, ಎಕ್ವಿಪ್‌ಮೆಂಟ್, ಅಡ್ವೈಸ್, ಎವಿಡೆನ್ಸ್ ಇವನ್ನು ಇಂಗ್ಲಿಷ್ ಎಣಿಸುವುದಿಲ್ಲ, ಅವುಗಳ ಹಿಂದೆ "ಎ" ಬರುವುದಿಲ್ಲ, ಮುಂದೆ "ಎಸ್" ಬರುವುದಿಲ್ಲ.

ಹಿಂದಿನ ಬೆಂಚು

ಕಾಲಗಳ ವಿಷಯದಲ್ಲೂ ಇದೇ ಕಥೆ. "ನಿನ್ನೆ ಗ್ರಂಥಾಲಯಕ್ಕೆ ಹೋಗಿದ್ದೆ" ಎನ್ನುವುದನ್ನು ನಾನು ವರ್ಷಗಟ್ಟಲೆ "ಐ ಹ್ಯಾಡ್ ಗಾನ್" ಎಂದು ಹೇಳುತ್ತಿದ್ದೆ. ಹಾಗೆ ಹೇಳಿದಾಗ ಕೇಳುವವರು "ಆಮೇಲೆ?" ಎಂಬಂತೆ ಮುಖ ನೋಡುತ್ತಿದ್ದರು, ಏಕೆಂದು ತಿಳಿಯುತ್ತಿರಲಿಲ್ಲ. ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮುಂಚಿನದು ಎಂದಾಗ ಮಾತ್ರ "ಹ್ಯಾಡ್" ಬೇಕು, ಆ ಇನ್ನೊಂದು ಘಟನೆಗಾಗಿ ಅವರು ಕಾಯುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಇರುಳೋದು

ನಾವೆಲ್ಲ ಇಷ್ಟು ಹೆದರುವುದೇಕೆ ಎಂಬುದು ನನ್ನ ಪ್ರಶ್ನೆ. "ಡಿಸ್ಕಸ್ ಅಬೌಟ್", "ಸಿನ್ಸ್ ಟೂ ವೀಕ್ಸ್" ಇವನ್ನೆಲ್ಲ ಕೋಟ್ಯಂತರ ಜನ ಬಳಸುತ್ತಾರೆ. ಇಂಗ್ಲಿಷ್ ಈಗ ಯಾವ ಒಂದು ದೇಶದ ಸ್ವತ್ತೂ ಅಲ್ಲ. ನಾವು ಆಡುವುದೂ ಒಂದು ಬಗೆಯ ಇಂಗ್ಲಿಷ್.

ಕೆಂಪು ಶಾಯಿ

ಮಾತಿನಲ್ಲಿ ಖಂಡಿತ ಹೌದು, ನನ್ನ ತರಗತಿಯಲ್ಲಿ ಮಾತನಾಡುವವರನ್ನು ನಾನು ನಡುವೆ ತಡೆದು ತಿದ್ದುವುದಿಲ್ಲ. ಆದರೆ ನಿಮ್ಮ ಪ್ರಬಂಧವನ್ನು ಓದುವವರು ಯಾವ ದೇಶದಲ್ಲಿದ್ದಾರೆ, ಅವರ ಮನೆಮಾತು ಯಾವುದು ಎಂದು ನಿಮಗೆ ಗೊತ್ತಿರುವುದಿಲ್ಲ. ಅವರಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ ಆಗಿರಬಹುದು. "ಡಿಸ್ಕಸ್ ಅಬೌಟ್" ಎಂದರೆ ಅವರಿಗೆ ಅರ್ಥವಾಗುತ್ತದೆ; "ದೇರ್ ಗ್ರೋತ್ ವಾಸ್ ಹ್ಯಾಪನ್ಡ್" ಎಂದರೆ ಬೆಳೆದದ್ದೋ, ಬೆಳೆಸಿದ್ದೋ ಎಂದು ನಿಂತು ಯೋಚಿಸಬೇಕಾಗುತ್ತದೆ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಮೊದಲು ಎರಡನೆಯ ಬಗೆಯದನ್ನು ತಿದ್ದಿಕೊಳ್ಳಿ.

ಅರ್ಧವಿರಾಮ

ನನ್ನ ಪ್ರೌಢಪ್ರಬಂಧದ ಒಂದು ಅಧ್ಯಾಯ ಮರಳಿ ಬಂದಾಗ "ಡಿಸ್ಕಸ್ ಅಬೌಟ್" ಇದ್ದಲ್ಲೆಲ್ಲ ಒಂದು ಸಣ್ಣ ವೃತ್ತವಿತ್ತು. ಎಣಿಸಿದೆ, 14. "ಡಿಸ್ಕಸ್" ಮುಂದೆ "ಅಬೌಟ್" ಬೇಡವೆಂದು ಗೊತ್ತಿದ್ದರೂ "ಬಗ್ಗೆ ಚರ್ಚಿಸು" ಎಂಬುದು ಬೆರಳ ತುದಿಯಲ್ಲೇ ಕುಳಿತಿತ್ತು, ಇಳಿಯಲೊಲ್ಲದು.

ಕಿವಿಗೊಡು

ಎಲ್ಲರೂ ಬರವಣಿಗೆಯಲ್ಲೇ ನಿಂತಿದ್ದೀರಿ. ಸೆಮಿನಾರಿನ ಸಮಸ್ಯೆಗೆ ಯಾರೂ ಉತ್ತರ ಹೇಳಲಿಲ್ಲ.

ನನ್ನ ಅನುಭವದಲ್ಲಿ ಅದು ಬಾಯಿಯ ಸಮಸ್ಯೆಗಿಂತ ಮೊದಲು ಕಿವಿಯ ಸಮಸ್ಯೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಹೊತ್ತು ಸಿಗುತ್ತದೆ. ಇಂಗ್ಲಿಷ್ ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನುಂಗಿಬಿಡುತ್ತದೆ. "ಫೋಟೊಗ್ರಾಫ್" ಪದದಲ್ಲಿ ಒತ್ತು ಮೊದಲ ಅಕ್ಷರಕ್ಕೆ, "ಫೋಟೊಗ್ರಫಿ"ಯಲ್ಲಿ ಎರಡನೆಯದಕ್ಕೆ, "ಫೋಟೊಗ್ರಾಫಿಕ್"ನಲ್ಲಿ ಮೂರನೆಯದಕ್ಕೆ. ಒತ್ತು ಸರಿದ ಹಾಗೆಲ್ಲ ಉಳಿದ ಸ್ವರಗಳು ಕರಗಿ "ಅ"ಕಾರದಂಥ ಒಂದು ಸದ್ದಾಗುತ್ತವೆ. ಕಾಗದದ ಮೇಲೆ ಗೊತ್ತಿರುವ ಪದ ಕಿವಿಗೆ ಬಿದ್ದಾಗ ಗುರುತು ಸಿಗದಿರುವುದು ಇದರಿಂದಲೇ.

ನಾನು ಮಾಡಿದ್ದು ಇಷ್ಟು: ಉಪನ್ಯಾಸದ ಧ್ವನಿಮುದ್ರಣದಲ್ಲಿ ಬರೀ 30 ಸೆಕೆಂಡು ಆರಿಸಿಕೊಂಡು, ಒಂದು ಪದವನ್ನೂ ಬಿಡದೆ ಬರೆದುಕೊಂಡು, ಆಮೇಲೆ ಅದರ ಲಿಖಿತ ಪ್ರತಿಯೊಂದಿಗೆ ಹೋಲಿಸಿದೆ. ಮೊದಲ ದಿನ ನನ್ನ ಹಾಳೆಯಲ್ಲಿ "ವುಡಬಿನ್" ಎಂಬ ಪದವಿತ್ತು. ಯಾವುದೋ ಲ್ಯಾಟಿನ್ ಪದವೆಂದು ತಿಳಿದು ನಿಘಂಟಿನಲ್ಲಿ ಹುಡುಕಿದೆ. ಅದು "ವುಡ್ ಹ್ಯಾವ್ ಬೀನ್". ಆ ಮೂರೂ ಪದಗಳು ನನಗೆ ಹೈಸ್ಕೂಲಿನಿಂದ ಗೊತ್ತು.

ಬರೀ ಓದುಗ

"ವುಡಬಿನ್" ಓದಿ ನಾನು ಒಬ್ಬನೇ ಕುಳಿತು ನಕ್ಕೆ. ಅದಿರಲಿ, ಬರೆಯುವುದು ಒಂದು, ಓದುವುದು ಇನ್ನೊಂದು ಏಕೆ? "ಐಲ್ಯಾಂಡ್" ಪದದಲ್ಲಿ "ಎಸ್" ಏಕಿದೆ?

ಅರ್ಧವಿರಾಮ

ಅದು ಹಳೆಯ ಇಂಗ್ಲಿಷ್‌ನದೇ ಪದ, ಅದರಲ್ಲಿ "ಎಸ್" ಇರಲೇ ಇಲ್ಲ. ಲ್ಯಾಟಿನ್ನಿನ "ಇನ್ಸುಲ"ಗೆ ಸಂಬಂಧಿಸಿದ್ದೆಂದು ಭಾವಿಸಿ ಆಮೇಲೆ ತುರುಕಿದರು. "ಡೆಟ್" ಪದದ "ಬಿ" ಕೂಡ ಹಾಗೆಯೇ, "ಡೆಬಿಟಮ್" ನೆನಪಿಗಾಗಿ.

ನಿರ್ವಾಹಕರು

ಕಾಗುಣಿತದ ಚರ್ಚೆಗೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ಇಲ್ಲಿ ಮೂಲ ಪ್ರಶ್ನೆಗೆ ಮರಳೋಣ.

ಕಿವಿಗೊಡು

ಮರಳುತ್ತೇನೆ. ಮಾತನಾಡಲು ನನಗೆ ಕೆಲಸಕ್ಕೆ ಬಂದದ್ದು ನಾಲ್ಕು-ಮೂರು-ಎರಡು ಎಂಬ ಅಭ್ಯಾಸ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ ಹೇಳಬೇಕು, ಆಮೇಲೆ ಬೇರೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ಮೂರನೆಯ ಸಲಕ್ಕೆ ಏನು ಹೇಳಬೇಕೆಂಬ ಯೋಚನೆ ತಲೆಯಿಂದ ಇಳಿದಿರುತ್ತದೆ, ಹೇಗೆ ಹೇಳಬೇಕೆಂಬುದಕ್ಕೆ ಜಾಗ ಸಿಗುತ್ತದೆ. ಕೇಳುವವರು ಸಿಗದಿದ್ದರೆ ಗೋಡೆಯೂ ಆಗುತ್ತದೆ. ನನ್ನ ಕೋಣೆಯ ಗೋಡೆಗೆ ಈಗ ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿದೆ. ಸೆಮಿನಾರಿನಲ್ಲಿ ಮಾತ್ರ ಒಂದು ಉಪಾಯ: ಚರ್ಚೆ ಬಿಸಿಯೇರುವ ಮುನ್ನವೇ, ಮೊದಲ ಐದು ನಿಮಿಷದಲ್ಲಿ, ಮನೆಯಲ್ಲಿ ಸಿದ್ಧಮಾಡಿಕೊಂಡು ಬಂದ ಒಂದು ಪ್ರಶ್ನೆ ಕೇಳಿಬಿಡಿ. ಬಾಯಿ ಒಮ್ಮೆ ತೆರೆದರೆ ಎರಡನೆಯ ಸಲ ಅಷ್ಟು ಭಾರವಾಗುವುದಿಲ್ಲ.

ಹಿಂದಿನ ಬೆಂಚು

ಇದಕ್ಕೆಲ್ಲ ಇಷ್ಟು ಕಷ್ಟಪಡುವ ಅಗತ್ಯವಿದೆಯೇ? ಈಗ ಕನ್ನಡದಲ್ಲಿ ಬರೆದು ಯಂತ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಸೊಗಸಾದ ಇಂಗ್ಲಿಷ್ ಬರುತ್ತದೆ. ಅದನ್ನು ನೋಡಿಯೇ ಕಲಿಯಬಹುದಲ್ಲ?

ಕೆಂಪು ಶಾಯಿ

ಕಲಿಯಬಹುದು, ಆದರೆ ಕ್ರಮ ತಿರುಗಬೇಕು. ಮೊದಲು ನೀವೇ ಇಂಗ್ಲಿಷ್‌ನಲ್ಲಿ, ಎಷ್ಟೇ ಕೆಟ್ಟದಾಗಿರಲಿ, ಬರೆಯಿರಿ. ಆಮೇಲೆ ಯಂತ್ರಕ್ಕೆ ತಿದ್ದಲು ಕೊಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂರೇ ವ್ಯತ್ಯಾಸಗಳನ್ನು ಆರಿಸಿಕೊಂಡು, ತಿದ್ದಿದ್ದನ್ನು ಮುಚ್ಚಿಟ್ಟು, ಮರುದಿನ ಅದೇ ಪ್ಯಾರಾವನ್ನು ಮತ್ತೆ ಬರೆಯಿರಿ. ನಮ್ಮ ವಿದ್ಯಾರ್ಥಿಗಳು ಪ್ರತಿ ವಾರ ಹೊಸ ಪ್ರಬಂಧ ಬರೆಯುತ್ತಾರೆ, ಹಳೆಯದನ್ನು ಯಾರೂ ಎರಡನೆಯ ಸಲ ಬರೆಯುವುದಿಲ್ಲ. ಹಾಗಾಗಿ ಅವೇ ತಪ್ಪುಗಳನ್ನು ಹೊಸ ವಿಷಯದ ಮೇಲೆ ಅಭ್ಯಾಸ ಮಾಡುತ್ತಿರುತ್ತಾರೆ. ಕನ್ನಡದಲ್ಲಿ ಬರೆದು ಕೊಟ್ಟರೆ ನಿಮ್ಮ ತಪ್ಪುಗಳು ನಿಮಗೆ ಕಾಣುವುದೇ ಇಲ್ಲ, ಹೋಲಿಸಲು ನಿಮ್ಮದು ಎನ್ನುವಂಥದ್ದು ಏನೂ ಇರುವುದಿಲ್ಲ. ಬಳಸುವ ಮುನ್ನ ನಿಮ್ಮ ವಿಭಾಗದ ನಿಯಮ ಏನೆಂದು ಕೇಳಿಕೊಳ್ಳಿ; ಅಂಕಕ್ಕಾಗಿ ಸಲ್ಲಿಸುವ ಬರಹದಲ್ಲಿ ಅದನ್ನು ಒಪ್ಪದಿರಬಹುದು.

ಸಂಖ್ಯೆಗಣ್ಣ

ವಿಜ್ಞಾನದ ವರದಿಗೆ ಇನ್ನೊಂದು ಮಾತು. ಖಚಿತತೆಯ ಮಟ್ಟವನ್ನು ಹೇಳುವ ಸಣ್ಣ ಪದಗಳನ್ನು ಕಲಿಯಿರಿ: ಮೇ, ಸಜೆಸ್ಟ್, ಅಪಿಯರ್, ಲೈಕ್ಲಿ. ಡಿಎನ್‌ಎ ರಚನೆಯ ಕುರಿತ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನದಲ್ಲಿ, ಆನುವಂಶಿಕ ವಸ್ತು ಹೇಗೆ ತನ್ನ ನಕಲು ಮಾಡಿಕೊಳ್ಳುತ್ತದೆ ಎಂಬ ಅಷ್ಟು ದೊಡ್ಡ ಸಂಗತಿ "ಇಟ್ ಹ್ಯಾಸ್ ನಾಟ್ ಎಸ್ಕೇಪ್ಡ್ ಅವರ್ ನೋಟಿಸ್" ಎಂದು, ನಮ್ಮ ಗಮನಕ್ಕೆ ಬಾರದೇನೂ ಇಲ್ಲ ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ನಾವಾದರೆ "ವಿ ಹ್ಯಾವ್ ಪ್ರೂವ್ಡ್" ಎಂದು ಮೇಜು ಕುಟ್ಟುತ್ತಿದ್ದೆವು.

ಇರುಳೋದು

ಒಂದೇ ಲೇಖನದಿಂದ ಪಾಠ ಹೇಳಬೇಡಿ. ಆ ಧಾಟಿಯನ್ನು ಅನುಕರಿಸಲು ಹೋದರೆ ಮೂರನೇ ಸೆಮಿಸ್ಟರಿನ ವರದಿ ನಾಟಕದಂತಾಗುತ್ತದೆ. "ಮೇ" ಮತ್ತು "ಸಜೆಸ್ಟ್" ಸಾಕು.

ಮೂರನೇ ಸೆಮಿಸ್ಟರ್

ಎಲ್ಲರಿಗೂ ವಂದನೆಗಳು. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೆಂಪು ಶಾಯಿ ಮೇಡಂ ಹೇಳಿದಂತೆ ಅದೇ ಪ್ಯಾರಾವನ್ನು ಮೂರು ಸಲ ಬರೆದೆ. ಎರಡನೆಯ ಸಲ ಬರೆಯುವಾಗ "ವೆರಿ ಫಾಸ್ಟ್" ಎಂಬಲ್ಲಿ ಕೈ ನಿಂತಿತು. ನಾವು ಅಳೆದದ್ದು ವೇಗವನ್ನಲ್ಲ, ಹದಿನಾಲ್ಕನೆಯ ದಿನ ಸ್ಕೇಲ್ ಹಿಡಿದು ಎತ್ತರವನ್ನು. ನನ್ನ ಇಂಗ್ಲಿಷ್ ಮಾತ್ರ ತಪ್ಪೆಂದು ತಿಳಿದಿದ್ದೆ, ಹೇಳಿದ ವಿಷಯವೇ ತಪ್ಪಾಗಿತ್ತು. ಕನ್ನಡದಲ್ಲಿ ಬರೆದಿದ್ದರೂ ತಪ್ಪೇ ಆಗುತ್ತಿತ್ತು. ಈಗಿನ ರೂಪ ಹೀಗಿದೆ:

"ದಿ ಪ್ಲಾಂಟ್ಸ್ ಕೆಪ್ಟ್ ಅಂಡರ್ ರೆಡ್ ಲೈಟ್ ಫಾರ್ ಟೂ ವೀಕ್ಸ್ ಗ್ರ್ಯೂ ಟಾಲರ್ ದ್ಯಾನ್ ದೋಸ್ ಕೆಪ್ಟ್ ಅಂಡರ್ ವೈಟ್ ಲೈಟ್. ದಿಸ್ ಸಜೆಸ್ಟ್ಸ್ ದಟ್ ದಿ ರೆಡ್ ಲೈಟ್ ಮೇ ಇನ್‌ಕ್ರೀಸ್ ದಿ ಸ್ಟೆಮ್ ಲೆಂತ್."

ಪದಪೆಟ್ಟಿಗೆ

"ಸಜೆಸ್ಟ್ಸ್ ದಟ್" ಮುಂದೆಯೇ "ಮೇ" ಬೇಕೇ? ಒಂದೇ ಸಂದೇಹವನ್ನು ಎರಡು ಸಲ ಹೇಳಿದಂತಾಯಿತು.

ಸಂಖ್ಯೆಗಣ್ಣ

ಎಷ್ಟು ಗಿಡಗಳು? ಆರೇ ಆಗಿದ್ದರೆ ಎರಡು ಸಲ ಸಂದೇಹಪಡುವುದರಲ್ಲಿ ತಪ್ಪಿಲ್ಲ.

ಮೂರನೇ ಸೆಮಿಸ್ಟರ್

ಎಂಟು. ಒಂದು ನಡುವೆ ಒಣಗಿತು.

ಕೆಂಪು ಶಾಯಿ

ಹಾಗಾದರೆ "ಮೇ" ಇರಲಿ. ಎರಡನೆಯ ವಾಕ್ಯದಲ್ಲಿ "ರೆಡ್ ಲೈಟ್" ಹಿಂದಿನ "ದಿ" ತೆಗೆಯಿರಿ. ಅಲ್ಲಿ ನೀವು ನಿಮ್ಮ ಲ್ಯಾಬಿನ ದೀಪದ ಮಾತು ಬಿಟ್ಟು ಕೆಂಪು ಬೆಳಕಿನ ಸ್ವಭಾವವನ್ನೇ ಹೇಳುತ್ತಿದ್ದೀರಿ. "ಸ್ಟೆಮ್ ಲೆಂತ್" ಹಿಂದಿನದೂ ಬೇಡ.

ಬರೀ ಓದುಗ

ಮತ್ತೆ ಉಪ್ಪು ಹೆಚ್ಚಾಯಿತು.